ಆಟ ಅಳಿಸಿದ್ದು ಭೀಮ್ಯಾ ಅಲ್ಲ

ನನ್ನ ಮೈದುನನ ವಿಡಿಯೋ ಗೇಮಿನ ಆಟವನ್ನು ಅಳಿಸಿ ಹಾಕಿದ್ದು ಅವನ ಗೆಳೆಯ ಭೀಮಾಶಂಕರನಲ್ಲ — ನಾನು. ಅಳಿಸಿದ್ದಷ್ಟೇ ಅಲ್ಲ, ಆ ಹುಡುಗ ನನ್ನ ಮುಖ ನೋಡಿ ಸಾಕ್ಷಿ ಕೇಳಿದಾಗ, ಗೊತ್ತಿದ್ದೂ ಗೊತ್ತಿಲ್ಲ ಅಂದೆ. ಬರೆದ ಮೇಲೆ ನೋಡಿದರೆ ಇಷ್ಟೇ ಮಾತು. ಇಷ್ಟು ಹೇಳಲಿಕ್ಕೆ ನನಗೆ ಅರ್ಧ ಆಯುಷ್ಯ ಹಿಡಿಯಿತು.

ಮಕ್ಕಳ ಆಟದ ಮಾತು, ಇದಕ್ಕೇಕೆ ಇಷ್ಟೊಂದು ಎಂದು ನೀವು ಅನ್ನಬಹುದು. ನಾನೂ ಬಹಳ ವರ್ಷ ಹಾಗೆಯೇ ಅಂದುಕೊಂಡು ಮಲಗುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ದಿನಗಳು. ಅಫಜಲಪುರದಿಂದ ಜೇವರ್ಗಿಗೆ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ರಸ್ತೆಗೆ ಮುಖಮಾಡಿ ನಮ್ಮ ಬಟ್ಟೆ ಅಂಗಡಿ, ಅದರ ಬೆನ್ನಿಗೇ ಮನೆ. ಮಾವನವರೂ ನಮ್ಮ ಇವರೂ ಹಗಲೆಲ್ಲ ಅಂಗಡಿಯಲ್ಲಿ. ಒಳಗೆ ಅತ್ತೆ ಮತ್ತು ನಾನು. ಶಾಲೆ ಬಿಟ್ಟ ಮೇಲೆ ಮೈದುನ ಶರಣು. ಆಗ ಅವನು ಒಂಬತ್ತನೆಯ ತರಗತಿ.

ಹೈದರಾಬಾದಿನಲ್ಲಿದ್ದ ನಾದಿನಿಯ ಮಕ್ಕಳು ಆಡಿ ಬೇಸರವಾಗಿ ಬಿಟ್ಟ ವಿಡಿಯೋ ಗೇಮು ಶರಣೂನ ಪಾಲಿಗೆ ಬಂದಿತ್ತು. ಒಂದು ಬೂದು ಬಣ್ಣದ ಡಬ್ಬಿ, ಉದ್ದ ವಾಯರಿನ ಎರಡು ರಿಮೋಟು, ಒಂದೇ ಒಂದು ಕ್ಯಾಸೆಟ್ಟು. ಟಿವಿಗೆ ಜೋಡಿಸಿದರೆ ನೀಲಿ ನಿಲುವಂಗಿಯ ಪುಟ್ಟ ಹುಡುಗನೊಬ್ಬ ಕಾಣಿಸುತ್ತಿದ್ದ. ಅವನು ಮಂತ್ರವಾದಿಯೊಬ್ಬನ ಶಿಷ್ಯ. ಗುರುವನ್ನು ಯಾರೋ ಹಿಮದ ಕೋಟೆಯಲ್ಲಿ ಸೆರೆ ಇಟ್ಟಿದ್ದಾರೆ. ಮೋಡದಲ್ಲಿ ತೇಲುವ ಕಲ್ಲುಗಳ ಮೇಲೆ ಜಿಗಿಯುತ್ತ, ಹಾರುವ ಮೀನುಗಳನ್ನು ತಪ್ಪಿಸಿಕೊಳ್ಳುತ್ತ, ಬೆಂಕಿ ಉಗುಳುವ ಹಲ್ಲಿಗಳನ್ನು ದಾಟುತ್ತ ಅಲ್ಲಿಗೆ ಹೋಗಿ ಮುಟ್ಟಬೇಕು. ಪರದೆಯ ಮೇಲಿನ ಅಕ್ಷರ ಚೀನಿಯೋ ಜಪಾನಿಯೋ, ಯಾರಿಗೂ ಓದಲು ಬಾರದು. ಆಟ ಹಚ್ಚಿದ ಕೂಡಲೇ ಮೂರು ದೀಪಗಳ ಚಿತ್ರ ಬರುತ್ತಿತ್ತು. ಎಲ್ಲಿಯವರೆಗೆ ಆಡಿದ್ದೇವೋ ಅದು ಆ ದೀಪದಲ್ಲಿ ಉಳಿಯುತ್ತಿತ್ತು. ಮೊದಲನೆಯ ದೀಪ ಶರಣು ಮತ್ತು ಭೀಮಾಶಂಕರ ಇಬ್ಬರದೂ ಸೇರಿ. ಎರಡನೆಯದು ಖಾಲಿ. ಮೂರನೆಯದು ಹೈದರಾಬಾದಿನ ಮಕ್ಕಳು ಅರ್ಧಕ್ಕೆ ಬಿಟ್ಟದ್ದು. ಅದರ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ.

ಭೀಮಾಶಂಕರ — ಎಲ್ಲರ ಬಾಯಲ್ಲಿ ಭೀಮ್ಯಾ — ಸರಕಾರಿ ಬಸ್ಸಿನ ಡ್ರೈವರನ ಮಗ. ಹಿಂದಿನ ಓಣಿಯ ಬಾಡಿಗೆ ಮನೆಯಲ್ಲಿದ್ದರು. ದಿನಾ ಸಂಜೆ ಬಾಗಿಲ ಬಳಿ ಕಾಲು ತೊಳೆದೇ ಒಳಗೆ ಬರುತ್ತಿದ್ದ. ನಮ್ಮ ಅತ್ತೆಗೆ 'ದೊಡ್ಡವ್ವ' ಅನ್ನುತ್ತಿದ್ದ, ನನಗೆ ಶರಣೂನ ಹಾಗೆಯೇ 'ವೈನಿ', ಅಂದರೆ ಅತ್ತಿಗೆ. ಕಷ್ಟದ ಜಿಗಿತ ಬಂದಾಗ ಶರಣು ಹೆದರಿ ರಿಮೋಟು ಅವನ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಭೀಮ್ಯಾ ದಾಟಿಸಿ ಕೊಡುತ್ತಿದ್ದ. ಹೀಗೆ ಆಡುತ್ತ ಆಡುತ್ತ ಆ ಚಳಿಗಾಲವೆಲ್ಲ ಕಳೆದು ಇಬ್ಬರೂ ಹಿಮದ ಕೋಟೆಯ ಬಾಗಿಲಿಗೆ ಬಂದಿದ್ದರು.

ಅವರು ಆಡುವುದನ್ನು ನಾನು ಅಡುಗೆಮನೆಯ ಬಾಗಿಲಿಂದ ನೋಡುತ್ತಿದ್ದೆ. ಒಂದು ಮಧ್ಯಾಹ್ನ, ಅತ್ತೆ ಉಂಡು ಮಲಗಿದ ಹೊತ್ತಿನಲ್ಲಿ, ಡಬ್ಬಿಯ ಧೂಳು ಒರೆಸಲು ಹೋದವಳು ಟಿವಿ ಹಚ್ಚಿದೆ. ಸುಮ್ಮನೆ — ಒಂದು ಸಲ ಎಂದು. ದನಿ ಪೂರ್ತಿ ತಗ್ಗಿಸಿ, ಬಳೆಗಳನ್ನು ಮೊಣಕೈಯವರೆಗೆ ಮೇಲೇರಿಸಿ, ಮೂರನೆಯ ದೀಪದಲ್ಲಿ ಕುಳಿತೆ. ಮರುದಿನವೂ ಕುಳಿತೆ. ತಲೆಯ ಮೇಲಿನ ಸೆರಗು ಜಾರದಂತೆ, ಹೆಜ್ಜೆಯ ಸದ್ದಾಗದಂತೆ ಮನೆಯಲ್ಲಿ ಓಡಾಡುತ್ತಿದ್ದವಳಿಗೆ ಆ ಹುಡುಗ ಮೋಡದಿಂದ ಮೋಡಕ್ಕೆ ನೆಗೆಯುವಾಗ ಏನಾಗುತ್ತಿತ್ತು ಎಂದು — ಹೇಗೆ ಹೇಳಲಿ. ಸಂಜೆ ಭೀಮ್ಯಾನ ಬೆರಳು ನೋಡಿ ಕಲಿಯುತ್ತಿದ್ದೆ, ಮಧ್ಯಾಹ್ನ ಆಡುತ್ತಿದ್ದೆ.

ಅವರಿಗಿಂತ ಮೊದಲು ನಾನೇ ಕೋಟೆ ದಾಟಿದೆ. ಬಾಗಿಲು ತೆರೆದು ಬಿಳಿಗಡ್ಡದ ಗುರು ಹೊರಗೆ ಬಂದ. ಹಿಮವೆಲ್ಲ ಕರಗಿ ಹೊಳೆಯಾಯಿತು. ಗುರು ಶಿಷ್ಯರಿಬ್ಬರೂ ಹೊಳೆಯ ದಂಡೆಗುಂಟ ನಡೆದು ಹೋದರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಕುಳಿತೆ. ಅಷ್ಟು ಸಂತೋಷ ಆಗಿತ್ತು, ಆದರೆ ಯಾರಿಗೆ ಹೇಳುವುದು? ಸೊಸೆ ಕೆಲಸ ಬಿಟ್ಟು ಟಿವಿ ಮುಂದೆ ಕೂತು ಹುಡುಗರ ಆಟ ಆಡುತ್ತಾಳೆ ಎಂದರೆ ಆ ಮಾತು ಅಫಜಲಪುರದ ನನ್ನ ತವರಿನವರೆಗೂ ಹೋಗುತ್ತಿತ್ತು.

ಪರೀಕ್ಷೆ ಮುಗಿಯುವ ಹಿಂದಿನ ಸಂಜೆ ಶರಣು ಅಂದ, "ನಾಳಿ ಪರೀಕ್ಷಾ ಮುಗೀತದ. ನಾಳಿ ಸಂಜೀಕ ಆ ಮೂರನೇ ದೀಪದಾಗ ಏನದ ನೋಡಮಲೇ, ಭೀಮ್ಯಾ." ಅಷ್ಟರಲ್ಲಿ ಅಂಗಡಿಯಿಂದ ಇವರು ಕೂಗಿದರು, ಅವನು ಓಡಿದ. ಭೀಮ್ಯಾ ಒಬ್ಬನೇ ಟಿವಿ ಆರಿಸಿ, ವಾಯರು ಸುತ್ತಿಟ್ಟು, "ಬರ್ತೇನ್ರಿ ವೈನಿ" ಎಂದು ಹೋದ. ಅವನು ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ಮರುದಿನ ಮಧ್ಯಾಹ್ನ ಮೂರನೆಯ ದೀಪ ಆರಿಸಿಬಿಡೋಣ ಎಂದು ಕುಳಿತೆ. ದೀಪಗಳ ಕೆಳಗೆ ಊದುವ ಬಾಯಿಯ ಚಿತ್ರವಿತ್ತು. ಆರಿಸಲಿಕ್ಕೆ ಅದೇ ಇರಬೇಕೆಂದು ಅದನ್ನು ಒತ್ತಿದೆ. ಒತ್ತಿದೊಡನೆ ಬಾಣದ ಗುರುತು ತಾನಾಗಿಯೇ ಮೊದಲನೆಯ ದೀಪಕ್ಕೆ ಜಿಗಿಯಿತು. ಒಳಗೆ ಅತ್ತೆ ಕೆಮ್ಮಿದರು. ನಾನು ನೋಡದೆ ಇನ್ನೊಮ್ಮೆ ಒತ್ತಿದೆ. ಹುಡುಗರ ದೀಪ ಆರಿತು, ಅವರು ಆಡಿದ್ದೆಲ್ಲ ಅಳಿದುಹೋಯಿತು.

ಅದು ಕೈ ತಪ್ಪಿ ಆದದ್ದು. ಅದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಮೂರನೆಯ ದೀಪ ಇನ್ನೂ ಉರಿಯುತ್ತಿತ್ತು — ಕೋಟೆಯ ಕೊನೆಯವರೆಗೂ ಆಡಿದ್ದು. ಅದನ್ನು ಹಾಗೆಯೇ ಬಿಟ್ಟಿದ್ದರೆ ಹುಡುಗರಿಗೆ ಎಲ್ಲವೂ ಸಿಗುತ್ತಿತ್ತು. ನನ್ನ ಗುಟ್ಟು ಹೊರಬೀಳುತ್ತಿತ್ತು, ಅಷ್ಟೇ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತೆ. ಆಮೇಲೆ ಅದನ್ನೂ ಆರಿಸಿದೆ. ಈ ಸಲ ಚೆನ್ನಾಗಿ ನೋಡಿಯೇ ಒತ್ತಿದೆ.

ಸಂಜೆ ಇಬ್ಬರೂ ಪರೀಕ್ಷೆ ಮುಗಿಸಿ ಓಡಿ ಬಂದರು. ಪರದೆಯ ಮೇಲೆ ಮೂರೂ ದೀಪ ಕಪ್ಪಾಗಿದ್ದವು. ಶರಣು ಮೊದಲು ಕ್ಯಾಸೆಟ್ಟು ತೆಗೆದು ಊದಿದ, ಮತ್ತೆ ಹಾಕಿದ, ಮತ್ತೆ ಊದಿದ. ಕೊನೆಗೆ ಗೆಳೆಯನ ಕಡೆ ತಿರುಗಿದ.

"ನಿನ್ನಿ ಕಡೀಕ ಮುಟ್ಟಿದಾಂವ ನೀನೇ ಅಲ್ಲೇನಲೇ?"

"ನಾ ಬರೇ ಸ್ವಿಚ್ ಆರಿಸೀನಿ. ನಮ್ಮವ್ವನ ಆಣಿ, ಬ್ಯಾರೆ ಏನೂ ಒತ್ತಿಲ್ಲ."

ಶರಣು ನಂಬಲಿಲ್ಲ. ಆಗ ಭೀಮ್ಯಾ ನನ್ನ ಕಡೆ ನೋಡಿದ. "ವೈನಿ, ನೀವು ಇಲ್ಲೇ ಇದ್ದಿರಿ. ನಾ ಆರಿಸಿ ಸೀದಾ ಮನೀಗಿ ಹೋಗೀನಿಲ್ಲರಿ? ಒಂದ್ಮಾತು ಹೇಳ್ರಿ."

"ನಂಗೇನ್ ಗೊತ್ತಪಾ," ಅಂದೆ. "ನಾ ಒಲಿ ಮುಂದ ಇದ್ದೆ."

ಅವನು ಇನ್ನೂ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಸಿಟ್ಟಿನಿಂದಲ್ಲ, ನನಗೆ ಮರೆತಿದೆ, ಈಗ ನೆನಪಾಗಬಹುದು ಎಂದು ಕಾಯುವವನ ಹಾಗೆ. ಗದ್ದಲಕ್ಕೆ ಅತ್ತೆ ಎದ್ದು ಬಂದು, "ಮಂದಿ ಹುಡುಗ್ರನ್ನ ಒಳಗ ಬಿಟ್ಕೊಂಡ್ರ ಹಿಂಗೇ ಆಗೂದು. ನಾಳಿಂದ ಈ ಕಡಿ ಬರಬ್ಯಾಡಪಾ ನೀ" ಅಂದರು.

ಮಾರನೆಯ ಬೆಳಿಗ್ಗೆ ಅವನ ತಾಯಿ ಬಂದು ಹೊಸ್ತಿಲ ಹೊರಗೇ ನಿಂತರು. "ತಪ್ಪಾಗ್ಯಾದ್ರಿ ಅವ್ವಾ. ಅವರಪ್ಪ ಎರಡು ಹೊಡದು ಕೇಳಿದ್ಮ್ಯಾಲ ಹೂಂ, ನಾನೇ ಅಳಿಸೀನಿ ಅಂದಾನ. ಹೊಟ್ಟಿಗಿ ಹಾಕ್ಕೋರಿ." ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ನಾದುತ್ತಲೇ ಇದ್ದೆ.

ಆ ವರ್ಷವೇ ಡ್ರೈವರಪ್ಪನಿಗೆ ಆಳಂದಕ್ಕೆ ವರ್ಗವಾಯಿತು. ಓಣಿಯಲ್ಲಿ ಸಾಮಾನು ಲಾರಿಗೆ ಏರುವಾಗ ಶರಣು ಅಂಗಡಿ ಬಿಟ್ಟು ಕದಲಲಿಲ್ಲ. ವಿಡಿಯೋ ಗೇಮು ಕೆಟ್ಟು ಮೂಲೆ ಸೇರಿತು. ಆದರೆ ಮನೆಯಲ್ಲಿ ಒಂದು ಮಾತು ಉಳಿದುಹೋಯಿತು. ಯಾರಾದರೂ ಸುಳ್ಳು ಆಣೆ ಮಾಡಿದರೆ 'ಭೀಮ್ಯಾನ ಆಣಿ' ಅನ್ನುವುದು ರೂಢಿಯಾಯಿತು. ಅತ್ತೆ ಅಂದರು, ಇವರು ಅಂದರು, ಆಮೇಲೆ ಹುಟ್ಟಿದ ಮಕ್ಕಳೂ ಅರ್ಥ ಗೊತ್ತಿಲ್ಲದೆ ಅಂದರು. ಅತ್ತೆ ಮಾವ ತೀರಿಕೊಂಡ ಮೇಲೂ ಆ ಮಾತು ಸಾಯಲಿಲ್ಲ. ಪ್ರತಿಸಲ ಕೇಳಿದಾಗಲೂ ನಾನು ಏನೋ ಕೆಲಸ ಹುಡುಕಿಕೊಂಡು ಒಳಗೆ ಹೋಗುತ್ತಿದ್ದೆ.

ಮೊನ್ನೆ ಮೊನ್ನೆ, ಶಿವರಾತ್ರಿ ಕಳೆದ ಮೇಲೆ, ಎಲ್ಲರೂ ಊಟಕ್ಕೆ ಕುಳಿತಾಗ ಶರಣೂನ ಕಿರಿಮಗಳು ಗೌರಿ ನನ್ನನ್ನು ಕೇಳಿದಳು, "ದೊಡ್ಡವ್ವಾ, ಭೀಮ್ಯಾ ಅಂದ್ರ ಯಾರು? ಭಾಳ ಸುಳ್ಳ ಹೇಳ್ತಿದ್ನೇನು?"

ಬಡಿಸುತ್ತಿದ್ದ ಸೌಟು ಕೆಳಗಿಟ್ಟೆ. ಯಾಕೆ ಅವತ್ತೇ, ಅಷ್ಟು ವರ್ಷ ಇಲ್ಲದ್ದು — ಗೊತ್ತಿಲ್ಲ. "ಇಲ್ಲವ್ವಾ," ಅಂದೆ. "ಅಂವ ಖರೇ ಹೇಳಿದ್ದ. ಸುಳ್ಳ ಹೇಳಿದಾಕಿ ನಾನು."

ಎಲ್ಲ ಹೇಳಿದೆ. ಶರಣು ಮೊದಲು ನಕ್ಕುಬಿಟ್ಟ. "ನೀವು? ವೈನಿ, ನೀವು ಆಡ್ತಿದ್ರಿ? ಆ ಕೋಟಿ ದಾಟಿದ್ರ್ಯಾ?"

"ದಾಟಿದ್ದೆ."

ನಗು ಅಲ್ಲಿಗೇ ನಿಂತಿತು. ತಾಟಿನಲ್ಲಿ ರೊಟ್ಟಿ ಹಾಗೆಯೇ ಬಿಟ್ಟು ಕೈ ತೊಳೆದ. "ಆಟ ಹಾಳಾಗ್ಲಿ ವೈನಿ. ಅಂವ ಅವರವ್ವನ ಆಣಿ ಮಾಡಿದ್ದ. ನಾ ನಂಬಲಿಲ್ಲ." ಎದ್ದು ಹೊರಗೆ ಹೋದ. ಇವರು ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದರು.

ಕೆಲವು ದಿನ ಶರಣು ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅಡುಗೆಮನೆಗೆ ಬಂದು, "ಸಿಕ್ಕಾನ್ರಿ. ಆಳಂದದಾಗೇ ಇದ್ದಾನ. ಭೂಸನೂರ ಕಡಿ ಕಬ್ಬಿನ ಹೊಲ ಮಾಡ್ಯಾನಂತ. ನಡ್ರಿ ಹೋಗಮು" ಅಂದ.

ನಾನು, ಶರಣು ಇಳಿದಾಗ ಆಳಂದದ ಬಸ್ ನಿಲ್ದಾಣಕ್ಕೆ ಭೀಮ್ಯಾನೇ ಮೋಟರ್ ಸೈಕಲ್ ಮೇಲೆ ಬಂದಿದ್ದ. ದಪ್ಪ ಮೀಸೆ, ಹೆಗಲ ಮೇಲೆ ಟವೆಲು. ನಗುತ್ತ ನನ್ನ ಕಾಲಿಗೆ ಬಾಗಲು ಬಂದ. ನಾನು ಹಿಂದೆ ಸರಿದೆ. "ಮದ್ಲ ನನ್ನ ಮಾತು ಕೇಳಪಾ. ಆಮ್ಯಾಲ ಬೇಕಾದ್ರ ನಮಸ್ಕಾರ ಮಾಡು."

ಚಹಾದಂಗಡಿಯ ಬದಿಯಲ್ಲಿ ನಿಂತೇ ಹೇಳಿದೆ. ಒಂದನ್ನೂ ಬಿಡಲಿಲ್ಲ — ಮೂರನೆಯ ದೀಪವನ್ನು ನೋಡಿಯೇ ಆರಿಸಿದ್ದನ್ನೂ. ಅವನು ಮೆಲ್ಲಗೆ ಕೇಳಿದ, "ಹಂಗಾದ್ರ... ಅದು ನಾ ಅಲ್ಲ?"

ನನಗೆ ತಿಳಿಯಲಿಲ್ಲ. ನೀನಲ್ಲ ಎಂದು ನಿನಗೇ ಗೊತ್ತಿತ್ತಲ್ಲ, ಅಂದೆ.

"ಇಲ್ರಿ ವೈನಿ. ಅಪ್ಪ ಹೊಡದಾಗ ಹೂಂ ಅಂದೀನಿ. ಹೂಂ ಅಂದ್ಮ್ಯಾಲ ದಿನಾ ಅದೇ ತಲ್ಯಾಗ. ಆರಿಸೂವಾಗ ಏನರೆ ಒತ್ತಿರಬೇಕು ಅನಸಾಕತ್ತು. ಅವ್ವನ ಸುಳ್ಳ ಆಣಿ ಮಾಡ್ದೆ ಅಂತ ಹೆದರಿಕಿ. ಅಕೀಗಿ ಜ್ವರ ಬಂದ್ರ ಸೈತ ನನ್ನ ಆಣಿಂದ ಬಂತು ಅಂತಿದ್ದೆ."

"ನೀ ಅಲ್ಲಪ್ಪಾ," ಅಂದೆ. "ನೀ ಏನೂ ಮಾಡಿಲ್ಲ. ನಾ ಮಾಡೀನಿ."

ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಂಡು ನಗಲು ಶುರುಮಾಡಿದ. ಎಷ್ಟೋ ದಿನ ಹೊತ್ತದ್ದನ್ನು ಇಳಿಸಿದ ಹಮಾಲ ನಗುವ ಹಾಗೆ, ಉಸಿರು ಬಿಡುತ್ತ ನಕ್ಕ. ನನ್ನದೊಂದು ಗುಟ್ಟು ನನ್ನೊಳಗೇ ಇದೆ ಎಂದುಕೊಂಡಿದ್ದೆ. ಅದರ ಭಾರ ಇಲ್ಲಿ ಈ ಊರಿನಲ್ಲಿ ಇನ್ನೊಬ್ಬರ ಮೈಮೇಲಿತ್ತು.

"ಒಂದು ಕೆಲಸ ಮಾಡ್ತೀರ್ಯಾ," ಅಂದ. "ನಮ್ಮವ್ವನ ಮುಂದ ಒಂದ್ಸಲ ಹೇಳ್ರಿ."

ಮನೆಗೆ ಹೋದೆವು. ಆ ತಾಯಿ ಅಂಗಳದಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಪಕ್ಕಕ್ಕೆ ಕುಳಿತು ತಗ್ಗಿದ ದನಿಯಲ್ಲಿ ಶುರುಮಾಡಿದೆ. "ಕಿವಿ ಮಂದ ಅದಾವ್ರಿ ವೈನಿ," ಭೀಮಾಶಂಕರ ಅಂದ, "ಜೋರಾಗಿ ಹೇಳ್ರಿ." ಜೋರಾಗಿ ಹೇಳಿದೆ. ಅವರು ಕೈಯನ್ನು ಕಿವಿಗೆ ಹಿಡಿದು "ಯಾರಂತ?" ಅಂದರು. "ನಾನ್ರೀ! ಆಟ ಅಳಿಸಿದಾಕಿ ನಾನು! ನಿಮ್ಮ ಮಗ ಅಲ್ಲ!" ಪಕ್ಕದ ಮನೆಯ ಹೆಂಗಸರು ಗೋಡೆಯ ಮೇಲಿಂದ ಇಣುಕಿದರು. ಅವರಿಗೂ ಕೇಳಲಿ ಅನ್ನಿಸಿತು. ಇನ್ನೊಮ್ಮೆ ಕೂಗಿ ಹೇಳಿದೆ. ಮದುವೆಯಾಗಿ ಬಂದಂದಿನಿಂದ ನಾನು ಅಷ್ಟು ದೊಡ್ಡ ದನಿ ತೆಗೆದಿರಲಿಲ್ಲ.

ಮುದುಕಿಗೆ ತಿಳಿಯಿತು. ಬಿಡಿಸುತ್ತಿದ್ದ ಕಾಯಿ ಮೊರದಲ್ಲಿ ಬಿಟ್ಟು ಮಗನನ್ನು ನೋಡಿದರು. "ಅವತ್ತು ನಿನ್ನ ಹೊಡದು ನಿಮ್ಮಪ್ಪನೂ ಉಣಲಿಲ್ಲೋ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಬಿಸಲಾಗ ಬಂದೀದಿ. ಏಳು, ಉಣ್ಣು." ಕ್ಷಮಿಸಿದೆ ಎಂದು ಅವರು ಅನ್ನಲಿಲ್ಲ, ನಾನು ಕೇಳಲೂ ಇಲ್ಲ. ಅವರು ಮುರಿದು ಕೊಟ್ಟ ರೊಟ್ಟಿ ಉಂಡೆ.

ಹೊರಡುವ ಹೊತ್ತಿಗೆ ಶರಣು ನನ್ನೊಡನೆ ಬರಲಿಲ್ಲ. ಅವನೂ ಭೀಮ್ಯಾನೂ ಮೋಟರ್ ಸೈಕಲ್ ಹತ್ತಿ ಕಬ್ಬಿನ ಹೊಲ ನೋಡಲು ಹೋಗಿದ್ದರು. ಒಬ್ಬಳೇ ಕಲಬುರ್ಗಿಯ ಬಸ್ಸು ಹತ್ತಿ ಕಿಟಕಿಯ ಬದಿಗೆ ಕುಳಿತೆ. ಮೈಯೆಲ್ಲ ಹಗುರಾಗಿತ್ತು — ಇದನ್ನು ಸುಳ್ಳು ಹೇಳಲಾರೆ, ಅಷ್ಟು ಹಗುರ ಎಂದೂ ಆಗಿರಲಿಲ್ಲ. ಆದರೆ ಆ ಹಗುರ ನನಗೆ ಬರುವಷ್ಟರಲ್ಲಿ, ಮಗನನ್ನು ಹೊಡೆದು ಉಪವಾಸ ಮಲಗಿದ ಆ ಡ್ರೈವರಪ್ಪ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಅವನ ಪಾಲಿನ ಮಾತನ್ನು ಎಷ್ಟು ಜೋರಾಗಿ ಕೂಗಿದರೂ ಈಗ ಮುಟ್ಟಿಸಲಾರೆ. ಆ ಭಾರವಷ್ಟು ನನ್ನ ಹತ್ತಿರವೇ ಇರಲಿ.