ಹರಾಜಿನ ಹಸಿರು ಸೀರೆ

ಅವತ್ತು ಬೆಳಿಗ್ಗೆ ನಾನು ನನ್ನ ಹತ್ತಿ ಸೀರೆಗೆ ಗಂಜಿ ಹಾಕುತ್ತಿದ್ದೆ. ಅನ್ನ ಬಸಿದ ಗಂಜಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ಎರಡು ಹನಿ ನೀಲಿ ಬಿಟ್ಟು, ಬಕೆಟ್ಟಿನಲ್ಲಿ ಸೀರೆಯನ್ನು ಅದ್ದಿ ಹಿಂಡಬೇಕು. ಗಂಜಿ ಹದವಾಗಿ ಕೂತರೆ ಎಂಟು ವರ್ಷದ ಸೀರೆಯೂ ಮೊನ್ನೆ ತಂದದ್ದರ ಹಾಗೆ ನಿರಿಗೆ ಹಿಡಿಯುತ್ತದೆ. ಬರುವ ಸೋಮವಾರ ಮಗಳ ಕುಬುಸ ಇತ್ತು. ಏಳು ತಿಂಗಳ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ ಉಡಿ ತುಂಬುವ ಕಾರ್ಯ. ಹುಡುಗಿಯ ತಾಯಿ ನಾಲ್ಕು ಜನರ ಎದುರು ಕಾಣುವ ಹಾಗಿರಬೇಕಲ್ಲ, ಅದಕ್ಕೇ ಗಂಜಿ.

ಫೋನು ಬಂದಾಗ ಮೊಣಕೈವರೆಗೆ ಅಂಟು. ಪಕ್ಕದ ಮನೆಯಾಕೆ ಫೋನೆತ್ತಿ ನನ್ನ ಕಿವಿಗೆ ಹಿಡಿದಳು. ಸಿರುಗುಪ್ಪದ ಆಸ್ಪತ್ರೆಯಿಂದ ಅಳಿಯ.

“ಅತ್ತಿ, ಕೂಸು ಹೋತ್ರಿ,” ಅಂದ. “ಆಕಿ ಅದಾಳ್ರಿ. ಆಕಿಗೇನೂ ಆಗಿಲ್ಲ.”

ನಾನು ಹೂಂ ಅಂದೆ. ಅಳು ಬರಲಿಲ್ಲ. ಆಕಿ ಅದಾಳ ಅನ್ನುವ ಎರಡು ಮಾತು ಸಿಕ್ಕಿತಲ್ಲ, ಅದನ್ನು ಹಿಡಿದುಕೊಂಡು ಕೈ ತೊಳೆದೆ. ಬಕೆಟ್ಟು ಹಾಗೇ ಬಿಟ್ಟೆ. ಬ್ರೂಸ್‌ಪೇಟೆಯ ಕಿರಾಣಿ ಅಂಗಡಿಯಲ್ಲಿ ಗುಮಾಸ್ತರಾಗಿರುವ ನನ್ನ ಯಜಮಾನರಿಗೆ ಸುದ್ದಿ ಮುಟ್ಟಿಸುವಂತೆ ಪಕ್ಕದಾಕೆಗೆ ಹೇಳಿದೆ. ಬಾಗಿಲ ಹತ್ತಿರ ಎರಡು ಚೀಲ ಇದ್ದವು. ಒಂದರಲ್ಲಿ ಮುಂದಿನ ಬಾಣಂತನಕ್ಕೆಂದು ಒಗೆದು ಮಡಿಚಿಟ್ಟ ಮೆತ್ತನೆಯ ಹಳೇ ಬಟ್ಟೆ, ಇನ್ನೊಂದರಲ್ಲಿ ಕುಬುಸದ ಸಾಮಾನು. ಬಟ್ಟೆಯ ಚೀಲ ಬೇಕಾದೀತು ಎಂದು ಯೋಚನೆ ಮಾಡಿಯೇ ಕೈಹಾಕಿದೆ. ಎತ್ತಿಕೊಂಡದ್ದು ಕುಬುಸದ ಚೀಲ. ಅದು ಗೊತ್ತಾದದ್ದು ಆಸ್ಪತ್ರೆಯಲ್ಲಿ.

ಬಳ್ಳಾರಿ ಬಸ್ ನಿಲ್ದಾಣಕ್ಕೆ ಬರುವುದಕ್ಕೂ ಸಿರುಗುಪ್ಪದ ಬಸ್ಸು ಹೊರಡುವುದಕ್ಕೂ ಸರಿಹೋಯಿತು. ಆಧಾರ್ ಕಾರ್ಡು ಮನೆಯಲ್ಲೇ ಉಳಿದಿತ್ತು. ಕಂಡಕ್ಟರು ನನ್ನ ಮುಖ ನೋಡಿ, ಏನೂ ಕೇಳದೆ ಹೆಂಗಸರ ಪುಕ್ಕಟೆ ಟಿಕೆಟ್ಟು ಹರಿದು ಕೊಟ್ಟ. ಕಿಟಕಿ ಪಕ್ಕ ಜಾಗವೂ ಸಿಕ್ಕಿತು. ಇಂಥವನ್ನು ನಾನು ಮರೆಯುವುದಿಲ್ಲ. ದೊಡ್ಡದು ಕಿತ್ತುಕೊಂಡ ದಿನ ದೇವರು ಚಿಕ್ಕಚಿಕ್ಕದ್ದನ್ನು ಕೈಗೆ ಹಾಕುತ್ತಾನೆ, ಬೇಡ ಅನ್ನಬಾರದು.

ಕುಬುಸದ ಚೀಲದಲ್ಲಿದ್ದ ಹಸಿರು ಸೀರೆಯ ವಿಷಯ ಇಲ್ಲಿ ಹೇಳಬೇಕು.

ನನ್ನ ತವರು ಕುರುಗೋಡು. ನಮ್ಮ ಓಣಿಯ ಅಮ್ಮನ ಗುಡಿಗೆ ಹರಕೆ ಹೊತ್ತವರು ಸೀರೆ ಕೊಡುತ್ತಾರೆ. ಪೂಜಾರಿ ಅದನ್ನು ಅಮ್ಮನಿಗೆ ಒಂದು ದಿನ ಉಡಿಸುತ್ತಾನೆ. ದಸರಾ ಮುಗಿದ ಮೇಲೆ ಕಟ್ಟೆಯ ಮೇಲೆ ನಿಂತು ಒಂದೊಂದನ್ನೇ ಎತ್ತಿ ಹಿಡಿದು ಹರಾಜು ಹಾಕುತ್ತಾನೆ. ಅಂಗಡಿಯಲ್ಲಿ ನಾವು ಮುಟ್ಟಿ ನೋಡಿ ಇಡುವಂಥ ಸೀರೆ ಅಲ್ಲಿ ನಮ್ಮ ಕೈಗೆ ಎಟಕುತ್ತದೆ. ಪ್ರಸಾದ ಅನ್ನುವ ಭಕ್ತಿಯೂ ಆಯಿತು, ಉಡಲಿಕ್ಕೆ ಒಳ್ಳೆಯದೂ ಆಯಿತು. ನಮ್ಮವ್ವ ಹಾಗೇ ಉಟ್ಟಳು, ನಾನೂ ಮೂವತ್ತು ವರ್ಷದಿಂದ ಮದುವೆ, ಗೃಹಪ್ರವೇಶ ಎಲ್ಲಕ್ಕೂ ಅಮ್ಮ ಉಟ್ಟು ಬಿಟ್ಟದ್ದನ್ನೇ ಉಟ್ಟಿದ್ದೇನೆ. “ಅಕ್ಕ, ನಿನ್ನ ಟ್ರಂಕಿನ್ಯಾಗ ಅರ್ಧ ಗುಡಿನೇ ಐತಿ ನೋಡು,” ಎಂದು ಪಕ್ಕದ ಮನೆಯಾಕೆ ನಗುತ್ತಾಳೆ. ನಗಲಿ.

ಅದನ್ನು ಆರಿಸಲಿಕ್ಕೂ ಕಣ್ಣು ಬೇಕು. ಪೂಜಾರಿ ಸೂಜಿ ಚುಚ್ಚಿದ ತೂತು ಹೆಗಲ ಹತ್ತಿರ ಇದ್ದರೆ ಪರವಾಗಿಲ್ಲ, ಸೆರಗಿನ ನಡುವೆ ಇರಬಾರದು. ಕುಂಕುಮದ ಕಲೆ ಹೋಗುವುದಿಲ್ಲ, ಅದು ನಿರಿಗೆಯೊಳಗೆ ಸೇರುವಂತಿರಬೇಕು. ದೀಪದೆಣ್ಣೆಯ ಕಲೆಗೆ ಕಡಲೆಹಿಟ್ಟು ಹಾಕಿಟ್ಟರೆ ಹೀರುತ್ತದೆ. ಕರ್ಪೂರದ ವಾಸನೆ ಎರಡು ದಿನ ನೆರಳಲ್ಲಿ ಹರವಿದರೆ ಹೋಗುತ್ತದೆ, ಹೋಗದಿದ್ದರೂ ಕೆಟ್ಟದ್ದೇನಲ್ಲ. ಇಷ್ಟನ್ನೂ ಅವ್ವ ಕಲಿಸಿದಳು. ಜೊತೆಗೆ ಇನ್ನೊಂದು ಮಾತು ಹೇಳಿದ್ದಳು: ಸೀರೆ ಯಾರು ಕೊಟ್ಟದ್ದು, ಯಾತಕ್ಕೆ ಕೊಟ್ಟದ್ದು ಅಂತ ಕೇಳಬಾರದು. ನಾನು ಯಾವತ್ತೂ ಕೇಳಿರಲಿಲ್ಲ.

ಹೋದ ದಸರಾದಲ್ಲಿ ಆ ಹಸಿರು ಸೀರೆ ಸಿಕ್ಕಿತು. ಗಿಳಿ ಹಸಿರು, ಕೆಂಪು ಅಂಚು, ಸಣ್ಣ ಸಣ್ಣ ಬುಟ್ಟಾ. ಮಗಳಿಗೆ ಆಗ ಮೂರನೇ ತಿಂಗಳು. ಅಮ್ಮನೇ ಕುಬುಸದ ಸೀರೆ ಕೊಟ್ಟಳು ಅಂದುಕೊಂಡೆ. ನನ್ನ ಮದುವೆ ಸೀರೆ ಜೀರ್ಣವಾಗಿತ್ತು, ಅದರ ಅಂಚು ಬಿಚ್ಚಿ ಕುಪ್ಪಸದ ತೋಳಿಗೆ ಹೊಲಿದೆ. ಹಳೇ ಸೀರೆಯ ಫಾಲನ್ನೇ ತೆಗೆದು ಇದಕ್ಕೆ ಹಚ್ಚಿದೆ. ಸಂಕ್ರಾಂತಿಗೆ ಬಂದ ಮಗಳು ಅದನ್ನು ಹೆಗಲ ಮೇಲೆ ಹಾಕಿಕೊಂಡು, ಕನ್ನಡಿ ಮುಂದೆ ನಿಂತು ಫೋಟೋ ತೆಗೆದು ಗಂಡನಿಗೆ ಕಳಿಸಿದಳು. ನಮ್ಮವ್ವ ಹರಾಜಿನಲ್ಲಿ ಎಂಥ ಸೀರೆ ಹಿಡಿದಾಳೆ ನೋಡು ಎಂದು ಹೆಮ್ಮೆಯಿಂದಲೇ ಬರೆದಿದ್ದಳು. ಆ ಫೋಟೋ ಅಳಿಯನ ತಾಯಿ, ನನ್ನ ಬೀಗತಿಯೂ ನೋಡಿದ್ದರು.

ಆಸ್ಪತ್ರೆಯಲ್ಲಿ ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಹೋಗುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಗಂಡಸರು ಕೂಸನ್ನು ಅಳಿಯನ ಊರಾದ ಕರೂರಿನ ಹೊಲದ ಕಡೆ ಒಯ್ದಿದ್ದರು. ಹಿಂದಿನ ದಿನದಿಂದಲೇ ಅಲುಗಾಟ ನಿಂತಿತ್ತಂತೆ. ಗಂಡೋ ಹೆಣ್ಣೋ ನಾನು ಕೇಳಲಿಲ್ಲ. ಯಾರ ತಪ್ಪೂ ಅಲ್ಲ, ಕೆಲವೊಮ್ಮೆ ಹೀಗಾಗುತ್ತದೆ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು. ಒಳ್ಳೆಯ ಹೆಂಗಸು. ನನಗೆ ಕುರ್ಚಿ ಕೊಡಿಸಿದರು.

ಹುಡುಗಿ ಗಡಗಡ ನಡುಗುತ್ತಿದ್ದಳು. “ಏನಾದ್ರೂ ಹೊದಿಸ್ರಮ್ಮ,” ಅಂದಳು ನರ್ಸು. ಅಲ್ಲಿದ್ದ ಹೊದಿಕೆ ಹಸಿಯಾಗಿ ಒಗೆಯಲಿಕ್ಕೆ ಹೋಗಿತ್ತು. ಹಳೇ ಬಟ್ಟೆ ತೆಗೆಯೋಣ ಎಂದು ಚೀಲದ ಜಿಪ್ಪು ಎಳೆದೆ. ಮೇಲೆಯೇ ಬಳೆಯ ಡಬ್ಬಿ, ಅದರ ಕೆಳಗೆ ಅರಿಷಿಣ ಕುಂಕುಮದ ಪೊಟ್ಟಣ, ಕೊಬ್ಬರಿ ಗಿಟಕು, ಮಡಿಚಿಟ್ಟ ಹಸಿರು ಸೀರೆ. ನಾನು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತೆ. ಯೋಚಿಸಲಿಕ್ಕೆ ಏನೂ ಇರಲಿಲ್ಲ. ಮಗಳಿಗೆ ಚಳಿ ಇತ್ತು, ನನ್ನ ಕೈಯಲ್ಲಿ ಅದೊಂದೇ ಇತ್ತು. ನಾಲ್ಕು ಮಡಿಕೆ ಮಾಡಿ ಕತ್ತಿನವರೆಗೆ ಹೊದಿಸಿದೆ. ಅವಳು ಕಣ್ಣು ತೆರೆದು ಸೀರೆ ನೋಡಿದಳು, ನನ್ನನ್ನು ನೋಡಿದಳು, ಅಂಚನ್ನು ಗದ್ದದ ಕೆಳಗೆ ಎಳೆದುಕೊಂಡು ಮಲಗಿದಳು. ನಡುಕ ನಿಂತಿತು. ನಿದ್ದೆ ಬಂತು.

ಬೀಗತಿ ಚಹಾ ಹಿಡಿದು ಒಳಗೆ ಬಂದವರು ಅದನ್ನು ನೋಡಿ, ನನ್ನನ್ನು ಹೊರಗೆ ವರಾಂಡಕ್ಕೆ ಕರೆದರು. ಅವರು ಕೆಟ್ಟವರಲ್ಲ. ಇಡೀ ಹೊತ್ತು ಸೊಸೆಯ ಕಾಲು ಹಿಡಿದು ಕೂತವರು ಅವರೇ. ಕಣ್ಣು ಬಾತಿದ್ದವು.

“ಬೀಗರ, ಇದು ಆ ಹರಾಜಿನ ಸೀರಿ ಹೌದಲ್ರಿ?”

ಹೌದು ಅಂದೆ.

“ಯಾರೋ ಹರಕಿ ಹೊತ್ತು ಕೊಟ್ಟಿದ್ದು. ಯಾರ ಕಣ್ಣೀರು ಇತ್ತೋ ಅದರಾಗ. ಅಂಥಾದ್ದನ್ನ ತಂದು ಬಸರಿ ಹುಡುಗಿ ಹೆಗಲಮ್ಯಾಲ ಹಾಕಿದ್ರಿ. ಹೊಸಾದು ತರಾಕ ಆಗಂಗಿಲ್ಲ ಅಂದಿದ್ರ ನಾವ ತರತಿದ್ವಿ.”

ಪ್ರಸಾದದಿಂದ ಕೇಡಾಗುವುದಿಲ್ಲ ಎಂದು ಬಾಯಿಗೆ ಬಂದಿತ್ತು, ಹೇಳುವ ಶಕ್ತಿ ಇರಲಿಲ್ಲ.

“ಎಲ್ಲಿಂದ ತಂದ್ರೋ ಅಲ್ಲೇ ಕೊಟ್ಟು ಬರ್ರಿ. ಆ ಸೀರಿ ಇರೋ ಮನಿಗೆ ನಾ ಸೊಸಿನ್ನ ಕಳಸಂಗಿಲ್ಲ.”

ಕೂಸಿಲ್ಲದಿದ್ದರೂ ಬಾಣಂತನ ಬಾಣಂತನವೇ. ಎದೆಯಲ್ಲಿ ಹಾಲು ಬರುತ್ತದೆ, ಕಟ್ಟಬೇಕು. ಸೊಂಟಕ್ಕೆ ಬಿಸಿನೀರು ಬೀಳಬೇಕು. ಅದನ್ನು ತಾಯಿಯಲ್ಲದೆ ಯಾರು ಮಾಡಬೇಕು? ನಾನು ಆಗಲಿ ಎಂದೆ. ಮಗಳನ್ನು ಕರೂರಿಗೆ ಒಯ್ದರು. ಹೊರಡುವಾಗ ಅವಳ ಮೇಲಿಂದ ಸೀರೆ ಮೆಲ್ಲಗೆ ಎಳೆದುಕೊಂಡೆ. ಅವಳು ಕೊಟ್ಟಳು, ಯಾಕೆ ಅಂತ ಕೇಳಲಿಲ್ಲ. ಅತ್ತೆ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತೆಂದು ಕಾಣುತ್ತದೆ. ಹೌದೋ ಅಲ್ಲವೋ ಎಂದು ನಾನೂ ಕೇಳಲಿಲ್ಲ.

ಮರುದಿನ ಸೀರೆ ಒಗೆದು, ಇಸ್ತ್ರಿ ಮಾಡಿ, ಕುರುಗೋಡಿಗೆ ಹೋದೆ. ಬಸ್ಸಿನಲ್ಲಿ ಕೂತು ಒಂದೇ ವಿಚಾರ. ಹಸಿರು ಸೀರೆಯನ್ನು ಹೆಂಗಸು ಯಾತಕ್ಕೆ ಕೊಡುತ್ತಾಳೆ? ಮಗು ಬೇಕೆಂದು ಕೊಡುತ್ತಾಳೆ, ಇಲ್ಲ, ಮಗು ಆಯಿತೆಂದು ಕೊಡುತ್ತಾಳೆ. ಇದು ಎರಡರಲ್ಲಿ ಯಾವುದು? ಮೂವತ್ತು ವರ್ಷ ಕೇಳದೇ ಇದ್ದದ್ದನ್ನು ಅವತ್ತು ಕೇಳಲೇಬೇಕೆಂದು ಹೊರಟಿದ್ದೆ.

ಇಂಥ ಹೊತ್ತಿನಲ್ಲಿ ಗುಡಿಯೊಳಗೆ ಹೋಗಬಾರದೆಂದು ಹೊರಗೇ ನಿಂತೆ. ಪೂಜಾರಿ ಎದ್ದು ಬಂದ. ನನ್ನ ಕೂಡ ಆಡಿ ಬೆಳೆದವನು. ಆದದ್ದೆಲ್ಲಾ ಹೇಳಿದೆ. ಸೀರೆ ವಾಪಸ್ ತೆಗೆದುಕೋ ಅಂದೆ. ಯಾರು ಕೊಟ್ಟದ್ದೆಂದು ಹೇಳು ಅಂದೆ.

“ನೆನಪಿಲ್ಲ ತಂಗಿ. ನೆನಪಿದ್ರೂ ಹೇಳತಿದ್ದಿಲ್ಲ,” ಅಂದ. “ದಸರಾದಾಗ ಹಸರು ಸೀರಿ ಎಷ್ಟು ಬಂದಿದ್ದವು. ಕೊಟ್ಟ ಪ್ರಸಾದ ನಾ ತಿರುಗಿ ತೊಗೊಳ್ಳಂಗಿಲ್ಲ. ಅಮ್ಮ ಉಟ್ಟು ಬಿಟ್ಟಾಳ. ಇನ್ನ ಅದು ನಿನ್ನ ಸೀರಿ.”

ನಾನು ಬೇಡಿಕೊಂಡೆ. ಅವನು ಒಳಗೆ ಹೋಗಿ ಒಂದು ಚಿಟಿಕೆ ವಿಭೂತಿ ತಂದು, ಮಗಳಿಗೆ ಹಚ್ಚು ಎಂದು ಕಾಗದದಲ್ಲಿ ಕಟ್ಟಿಕೊಟ್ಟ. ಅಷ್ಟು ಸಿಕ್ಕಿತು.

ಸೀರೆ ಕೈಯಲ್ಲೇ ಉಳಿಯಿತು. ಅದನ್ನು ಹಿಡಿದು ಬಳ್ಳಾರಿಗೆ ಬರುವ ಹಾಗಿಲ್ಲ, ಬಂದರೆ ಮಗಳನ್ನು ಕಳಿಸುವುದಿಲ್ಲ. ಹೊಳೆಗೆ ಬಿಡೋಣವೆಂದರೆ ಒಳ್ಳೇ ಸೀರೆ, ಮನಸ್ಸು ಒಪ್ಪಲಿಲ್ಲ. ಅಣ್ಣನ ಮನೆಗೆ ಹೋಗಿ ಕೂತೆ. ಅತ್ತಿಗೆ ಹಸಿಮೆಣಸಿನಕಾಯಿ ಕುಟ್ಟುತ್ತಿದ್ದಳು. ನನ್ನ ಮಾತು ಮುಗಿಯುವವರೆಗೆ ಒರಳು ನಿಲ್ಲಿಸಿ ಕೇಳಿದಳು, ಕೈ ತೊಳೆದು ಬಂದು ಸೀರೆ ಬಿಚ್ಚಿ ಬೆಳಕಿಗೆ ಹಿಡಿದಳು.

“ಏನ್ ಚಂದ ಐತಿ. ನನ್ನ ಹಂತ್ಯಾಕ ಬಿಡು,” ಅಂದಳು. “ನಾಕು ಹಡದೀನಿ, ಆಪರೇಷನ್ನೂ ಆಗೈತಿ. ಇನ್ನ ಈ ಸೀರಿ ನನಗೇನ್ ಮಾಡತೈತಿ?”

ಅಷ್ಟು ದಿನದಲ್ಲಿ ಅದೊಂದು ಸಲ ನನ್ನ ಬಾಯಿ ಸ್ವಲ್ಪ ಸಡಿಲವಾಯಿತು. ನಗು ಅನ್ನುವಷ್ಟಲ್ಲ. ಸೀರೆ ಬಿಟ್ಟು ಬಂದೆ.

ಅಲ್ಲಿಂದ ಎರಡು ದಿನಕ್ಕೆ ಕರೂರಿಗೆ ಹೋದೆ. ಈ ಸಲ ಸರಿಯಾದ ಚೀಲ ಒಯ್ದಿದ್ದೆ. ಹಳೇ ಸೀರೆ ಹರಿದು ಪಟ್ಟಿ ಮಾಡಿ ಮೊದಲು ಮಗಳ ಎದೆ ಕಟ್ಟಿದೆ. ಬೀಗತಿ ಬಾಗಿಲಲ್ಲಿ ನಿಂತಿದ್ದರು. ಸೀರೆ ಕೊಟ್ಟಿರಾ ಎಂದು ಕೇಳಿದರು. ಸುಳ್ಳು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ದೇವರ ವಿಷಯದಲ್ಲಿ ಸುಳ್ಳು ನಾಲಿಗೆಗೆ ಬರಲಿಲ್ಲ. ಪೂಜಾರಿ ತೆಗೆದುಕೊಳ್ಳಲಿಲ್ಲ, ಕುರುಗೋಡಿನಲ್ಲಿ ನಮ್ಮ ಅತ್ತಿಗೆ ಇಟ್ಟುಕೊಂಡಳು, ನನ್ನ ಮನೆಯಲ್ಲಿ ಆ ಸೀರೆ ಇಲ್ಲ ಎಂದೆ.

ಮಗಳು ಮಂಚದ ಮೇಲೆ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

“ಆಕಿಗೆ ಮಕ್ಕಳೆಷ್ಟ್ರಿ?” ಬೀಗತಿ ಕೇಳಿದರು.

“ನಾಕು.”

“ಎಲ್ಲಾ ಚಲೋ ಅದಾವ?”

“ಅದಾವ್ರಿ.”

“ಹಂಗಾರ ಇರಲಿ,” ಅಂದರು.

ಒಳಗೆ ಹೋಗಿ ಟ್ರಂಕಿನಿಂದ ಬದನೆಕಾಯಿ ಬಣ್ಣದ ಹತ್ತಿ ಸೀರೆ ತಂದರು. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಯಾತಕ್ಕೆ ತಂದಿಟ್ಟದ್ದೋ. ತವರಿಗೆ ಹೋಗುವ ಹುಡುಗಿ ಮಾಸಿದ ನೈಟಿಯಲ್ಲಿ ಹೋಗಬಾರದೆಂದು ತಾವೇ ಉಡಿಸಿದರು. ನಿರಿಗೆ ಹಿಡಿಯುವಾಗ ಸೊಸೆಯ ಹೊಟ್ಟೆಗೆ ಕೈ ತಾಗಿತು, ಕೈ ಅಲ್ಲೇ ನಿಂತಿತು. ಮುಖ ಪಕ್ಕಕ್ಕೆ ತಿರುಗಿಸಿ ಮತ್ತೆ ನಿರಿಗೆ ಹಿಡಿದರು. ನಾನು ಪಿನ್ನು ಕೊಟ್ಟೆ. ತಲೆ ಬಾಚಿ ಒಂದು ಎಳೆ ಕನಕಾಂಬರ ಮುಡಿಸಿದರು. ಯಾರೂ ಅಳಲಿಲ್ಲ. ಅಳಿಯ ಆಟೋ ತಂದ, ಅದು ಬಳ್ಳಾರಿಯವರೆಗೂ ಬಂತು.

ದಾರಿಯಲ್ಲಿ ಮಗಳು ಎರಡೂ ಕಡೆಯ ಗದ್ದೆ ನೋಡುತ್ತಾ ಕೂತಿದ್ದಳು. ನಾಟಿ ಆಗಿ ಎಲ್ಲಾ ಹಸಿರಿತ್ತು. ಅರ್ಧ ದಾರಿ ದಾಟಿದ ಮೇಲೆ ಮಾತಾಡಿದಳು.

“ಅವ್ವ, ಇನ್ನಮ್ಯಾಗ ನನಗ ಹರಾಜಿನ ಸೀರಿ ತರಬ್ಯಾಡ.”

ಅತ್ತೆಯ ಮಾತು ನಂಬುತ್ತೀಯಾ ಎಂದು ಕೇಳಿದೆ.

“ಇಲ್ಲ,” ಅಂದಳು. ತುಸು ತಡೆದು, “ಆದ್ರೂ ಬ್ಯಾಡ,” ಅಂದಳು.

ನಾನು ಆಯಿತು ಅಂದೆ. ಎಲ್ಲೋ ಒಂದು ಕಡೆ ನೋಯಬೇಕಿತ್ತು, ನೋಯಲಿಲ್ಲ, ಅಥವಾ ನನಗೆ ಗೊತ್ತಾಗಲಿಲ್ಲ. ಅವ್ವನಿಂದ ನನಗೆ ಬಂದದ್ದು ನನ್ನಿಂದ ಅವಳಿಗೆ ಹೋಗುವುದಿಲ್ಲ ಎಂದಷ್ಟೇ ತಿಳಿಯಿತು. ಗುಡಿಯ ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅವಳು ಉಟ್ಟು ಕೊಟ್ಟಳು, ನಾನು ತಂದೆ, ಕೂಸು ಉಳಿಯಲಿಲ್ಲ. ಈ ಮೂರನ್ನೂ ಒಂದಕ್ಕೊಂದು ಗಂಟು ಹಾಕದೆ ಇರಲಿಕ್ಕೆ ದಿನಾ ಪೂಜೆಯ ಹೊತ್ತಿನಲ್ಲಿ ಪ್ರಯತ್ನ ಮಾಡುತ್ತೇನೆ. ಕೆಲವು ದಿನ ಆಗುತ್ತದೆ.

ಸ್ವಲ್ಪ ಮುಂದೆ ಹೋದ ಮೇಲೆ ಅವಳು ನನ್ನ ತೊಡೆಯ ಮೇಲೆ ತಲೆ ಇಟ್ಟಳು. ಗುಂಡಿ ಬಂದಾಗೆಲ್ಲಾ ತಲೆಗೆ ಪೆಟ್ಟಾಗದಂತೆ ಕೈ ಅಡ್ಡ ಹಿಡಿದೆ. ಮಗಳು ಬಂದಳು, ನನ್ನ ಜೊತೆ ಬಂದಳು.

ಮನೆ ಮುಟ್ಟಿದಾಗ ನಮ್ಮ ಓಣಿಗೆ ನಳ ಬಿಟ್ಟಿದ್ದರು. ಅವಳನ್ನು ಗೋಡೆಗೆ ದಿಂಬು ಕೊಟ್ಟು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ದೊಡ್ಡ ಪಾತ್ರೆ ತುಂಬಿಕೊಂಡು ಬಂದು ಎರೆಯಲಿಕ್ಕೆ ನೀರು ಕಾಯಲು ಇಟ್ಟೆ.