ಗುಸುಗುಸು ಆರ್ಕೆಸ್ಟ್ರಾದ ಅಣ್ಣ

ಮೈಕ್‌ಸೆಟ್ ಅಣ್ಣನ ಎಡಗೈ ಬೆರಳ ತುದಿಗಳು ಗಿಟಾರಿನ ತಂತಿ ಒತ್ತಿ ಒತ್ತಿ ಗಟ್ಟಿಯಾಗಿದ್ದವು. ಬಲಗೈ ಹೆಬ್ಬೆರಳು ವೈರು ಬೆಸೆಯುವಾಗ ಸುಟ್ಟುಕೊಂಡು ಕಪ್ಪಾಗಿತ್ತು. ಆ ಕೈಗಳಲ್ಲೇ ಅವರು ದಿನಾ ಬೆಳಿಗ್ಗೆ ನಮ್ಮೆರಡು ಮನೆಗೂ ಸೇರಿದ ನಲ್ಲಿಯ ಕೆಳಗೆ ಬಿಂದಿಗೆ ಇಡುತ್ತಿದ್ದರು. ಆವತ್ತೂ ನಾನು ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಯಜಮಾನರ ಡಬ್ಬಿಗೆ ಅವಲಕ್ಕಿ ತುಂಬಿ ಹಿತ್ತಲಿಗೆ ಹೋದೆ. ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಗೋಡೆಯಾಚೆ ಅವರ ಅಕ್ಕ "ಏಳೋ, ನೀರು ಬಂದೈತಿ, ಏಳೋ" ಎನ್ನುತ್ತಿದ್ದರು. ಎರಡನೇ ಸಲ ಕರೆಯುವಾಗ ಅವರ ದನಿ ಬದಲಾಯಿತು. ಅಣ್ಣ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ಮದುವೆಯಾಗಿ ಶಿಕಾರಿಪುರಕ್ಕೆ ಬಂದಾಗ ನನಗೆ ಅಲ್ಲಿ ಯಾರೂ ಗೊತ್ತಿರಲಿಲ್ಲ. ಯಜಮಾನರದು ಹಳ್ಳಿ ತಿರುಗಿ ಬಿತ್ತನೆ ಬೀಜ ಮಾರುವ ಕೆಲಸ. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಗಡಿಯಾರ. ಸಂಜೆಯಾದರೆ ಮಾತ್ರ ಗೋಡೆಯಾಚೆಯಿಂದ ಸಂಗೀತ ಬರುತ್ತಿತ್ತು. ಅಣ್ಣನ ಗಿಟಾರು, ಬ್ಯಾಂಕಿನವರೊಬ್ಬರ ಕೀಬೋರ್ಡು, ಟೇಲರ್ ಒಬ್ಬರ ತಬಲಾ. ಹಗಲು ಮದುವೆಗೆ, ಗಣಪತಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಮನುಷ್ಯ ಸಂಜೆ ತನ್ನದೇ ಹಾಡು ಕಟ್ಟುತ್ತಿದ್ದರು.

ಆ ಹಾಡುಗಳಲ್ಲಿ ದೇವರಿಲ್ಲ, ಪ್ರೇಮಿಯಿಲ್ಲ. ಸೊರಬದ ಕಡೇ ಬಸ್ಸು ತಪ್ಪಿಸಿಕೊಂಡವನು, ಸೀಮೆಎಣ್ಣೆಗೆ ಸಾಲಲ್ಲಿ ನಿಂತವಳು, ಮಳೆ ಬಂತೆಂದು ಬಟ್ಟೆ ಒಳಗೆ ತಂದು ಮತ್ತೆ ಹೊರಗೆ ಹಾಕುವವಳು. "ಬಸ್ಸು ಹೋಯಿತು, ಸೀಟಿ ಉಳಿಯಿತು" ಎಂದು ಒಂದು ಹಾಡು ಶುರುವಾಗುತ್ತಿತ್ತು. ರಾಗ ಬಹಳ ಏರುತ್ತಿರಲಿಲ್ಲ. ಮೈಕಿಗೆ ತುಟಿ ತಾಗಿಸಿ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹಾಡುತ್ತಿದ್ದರು. ಊರವರು ಅದಕ್ಕೇ ಇಟ್ಟ ಹೆಸರು ಗುಸುಗುಸು ಆರ್ಕೆಸ್ಟ್ರಾ.

ಸೊರಬದಲ್ಲಿ ಒಂದು ಸಲ ಗಣಪತಿ ಪೆಂಡಾಲಿನ ಮುಂದೆ ಜನ ಕೂಗಿದರಂತೆ: "ಗಂಟ್ಲು ಕಟ್ಟಿದ್ಯೇನೋ ಮಾರಾಯಾ? ಪಿಕ್ಚರ್ ಹಾಡು ಹೇಳೋ!"

ಅಣ್ಣ ಮೈಕಿನಲ್ಲೇ ಉತ್ತರ ಕೊಟ್ಟರಂತೆ: "ಉಂಡಿದ್ದು ಅರಗೋ ತನ್ಕ ಇದನ್ನ ಕೇಳ್ರಪ್ಪಾ, ಆಮೇಲೆ ಕುಣಿಯೋದು ಇದ್ದೇ ಐತಿ."

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಇದನ್ನು ನನಗೆ ನಗುತ್ತಲೇ ಹೇಳಿ, ತುಂಬಿದ ಬಿಂದಿಗೆಯನ್ನು ಪಕ್ಕಕ್ಕಿಟ್ಟರು. ಆಮೇಲೆ ಅಂದರು: "ಒಬ್ರು, ಒಬ್ರೇ ಒಬ್ರು ಬಂದು, ಆ ಬಸ್ಸಿನ ಹಾಡು ಇನ್ನೊಂದ್ಸಲ ಹೇಳ್ರಿ ಅಂದ್ರೆ ಸಾಕು ತಂಗಿ. ಮತ್ತೇನು ಬ್ಯಾಡ."

ನಾನು ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಪ್ರಾರ್ಥನೆ ಹಾಡುವಾಗ ಸಿಸ್ಟರ್ ನನ್ನನ್ನು ಎರಡನೇ ದನಿಯವರ ಸಾಲಿಗೆ ಹಾಕಿದ್ದರು. ಎಲ್ಲರೂ ಹಾಡುವ ರಾಗದ ಕೆಳಗೆ ಬೇರೊಂದು ರಾಗ ಹಿಡಿದು ಹೋಗುವವರು ನಾವು. ಒಂದು ಸಂಜೆ ಪಾತ್ರೆ ತೊಳೆಯುತ್ತ ಬಸ್ಸಿನ ಹಾಡಿಗೆ ಹಾಗೇ ದನಿ ಸೇರಿಸುತ್ತಿದ್ದೆ. ಆಚೆ ಗಿಟಾರು ನಿಂತಿತು.

"ತಂಗೀ, ಅದೇನದು ಕೆಳಗಡೆ ಹಾಡಿದ್ದು? ನಿಲ್ಲಿಸ್ಬ್ಯಾಡ್ರಿ!"

ಆ ಊರಿನಲ್ಲಿ ಅದುವರೆಗೆ ನನ್ನನ್ನು ಕೇಳುತ್ತಿದ್ದುದು ಸಾರಿಗೆ ಉಪ್ಪು ಹಾಕಿದೆಯಾ, ಬಾಗಿಲು ಹಾಕಿದೆಯಾ ಎಂದಷ್ಟೇ.

ಬ್ಯಾಂಕಿನವರಿಗೆ ವರ್ಗವಾಗುವ ಸುದ್ದಿ ಬಂತು. ಅವರು ಹೋಗುವುದರೊಳಗೆ ಒಂದು ಕ್ಯಾಸೆಟ್ ಮಾಡಿಬಿಡಬೇಕೆಂದು ಅಣ್ಣ ಹಟ ಹಿಡಿದರು. ಕಿಟಕಿಗೆ ಕಂಬಳಿ ಕಟ್ಟಿ, ಸಂಜೆ ಸಂಜೆ ಅವರ ನಡುಮನೆಯಲ್ಲೇ ರೆಕಾರ್ಡ್ ಮಾಡಿದೆವು. ಯಜಮಾನರು "ಹಾಡು, ಯಾರ್ ಬ್ಯಾಡ ಅಂದ್ರು" ಎಂದಿದ್ದರು. ಅಣ್ಣನ ಅಕ್ಕ ಬಾಗಿಲಲ್ಲಿ ಕೂತು ಕೋಳಿ ಓಡಿಸುವ ಕೆಲಸ ವಹಿಸಿಕೊಂಡರು.

ಶಿವಮೊಗ್ಗದಲ್ಲಿ ಪ್ರತಿ ಮಾಡಿಸಿದ ಕ್ಯಾಸೆಟ್ಟುಗಳು ಒಂದು ಬೆಳಿಗ್ಗೆ ಬಸ್ಸಿನಲ್ಲಿ ಬಂದವು. ಹಾಕಿದರೆ ಹಾಡು ಓಡುತ್ತಿದೆ! ಅಣ್ಣನ ದನಿ ಬಾಲವಾಡಿಯ ಮಗುವಿನದು, ನನ್ನದು ಇಲಿಯದು. ಅಣ್ಣನ ಮುಖ ಸಣ್ಣದಾಯಿತು. ನಮ್ಮಲ್ಲಿ ಸಂಜೆ ಊರೆಲ್ಲ ದೀಪ ಹಾಕಿದರೆ ಬಲ್ಬು ಕುಂಬಳಹೂವಿನ ಬಣ್ಣಕ್ಕೆ ಇಳಿಯುತ್ತದೆ. ಅಷ್ಟು ಕಡಿಮೆ ಕರೆಂಟಿನಲ್ಲಿ ಟೇಪು ನಿಧಾನ ತಿರುಗುತ್ತ ರೆಕಾರ್ಡ್ ಆಗಿತ್ತು; ಬೆಳಗಿನ ಪೂರ್ತಿ ಕರೆಂಟಿಗೆ ಜೋರಾಗಿ ಓಡಿತ್ತು. ವೋಲ್ಟೇಜ್ ಸರಿಮಾಡುವ ಸ್ಟೆಬಿಲೈಸರು ಆ ವಾರ ಮೈಕ್‌ಸೆಟ್ಟಿನ ಜೊತೆ ಯಾರದೋ ಮದುವೆಗೆ ಹೋಗಿತ್ತು. ಮಂದ ದೀಪಕ್ಕೆ ಒಗ್ಗಿಹೋದ ನಮಗೆ ಯಾರಿಗೂ ಅದು ಹೊಳೆಯಲೇ ಇಲ್ಲ.

ಸಂಜೆ ಅದೇ ಮಂದ ಕರೆಂಟಿನಲ್ಲಿ ಹಾಕಿದಾಗ ಎಲ್ಲ ಸರಿಯಾಗಿತ್ತು. ಎಷ್ಟು ಚೆನ್ನಾಗಿತ್ತು! "ಹೋಗ್ಲಿ ಬಿಡ್ರಿ" ಎಂದರು ಅಣ್ಣ. "ನಮ್ಮ ಹಾಡು ನಮ್ಮೂರಾಗೇ, ದೀಪ ಹಚ್ಚಿದ ಮೇಲೇ ಕೇಳೋದು."

ಮತ್ತೊಮ್ಮೆ ಮಾಡೋಣವೆಂದೆ. ಅಷ್ಟರಲ್ಲಿ ಬ್ಯಾಂಕಿನವರು ಹೋದರು. ಟೇಲರ್ ಅಂಗಡಿಯಲ್ಲಿ ಲಗ್ನದ ಹೊಲಿಗೆ ಹೆಚ್ಚಾಯಿತು. ಅಣ್ಣ ಒಬ್ಬರೇ ಹಾಡುತ್ತಿದ್ದರು, ನಾನು ಗೋಡೆಯ ಈಚೆ ಕೆಳಗಿನ ದನಿ ಸೇರಿಸುತ್ತಿದ್ದೆ. ಒಂದು ಸಲವೂ ನಾನು ಅವರಿಗೆ ಹಾಡು ಚೆನ್ನಾಗಿದೆ ಎಂದು ಹೇಳಿದ ನೆನಪಿಲ್ಲ. ಜೊತೆಗೆ ಹಾಡುವವರು ಹಾಗೆ ಹೇಳುವುದಿಲ್ಲವೇನೋ. ಇವತ್ತಿಗೂ ಕೆಲಸ ಮಾಡುತ್ತ ಗುನುಗಿದರೆ ನನಗೆ ಬರುವುದು ಆ ಕೆಳಗಿನ ರಾಗವೇ. ಕೇಳಿದವರಿಗೆ ಯಾವ ಹಾಡೆಂದು ಗುರುತು ಸಿಗುವುದಿಲ್ಲ.

ಅಣ್ಣ ತೀರಿಕೊಂಡ ಆ ದಿನ ಮಧ್ಯಾಹ್ನ ಗಂಡಸರು ಮಣ್ಣು ಮಾಡಿ ಬಂದರು. ಅವರ ಅಕ್ಕನಿಗೆ ಎರಡು ತುತ್ತು ಉಣ್ಣಿಸಿ ನಾನು ಮನೆಗೆ ಬಂದೆ. ಸಂಜೆ ಎದುರುಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಲೋಟ ಹಿಡಿದು ಬಂದರು. ಗೋಡೆಯ ಕಡೆ ನೋಡಿ ಲೊಚಗುಟ್ಟಿದರು.

"ಪಾಪ, ಒಳ್ಳೇ ಮನ್ಷ ಕಣ್ರೀ. ಈ ಸಲ ಗಣಪತಿಗೆ ಮೈಕ್‌ಸೆಟ್ಟು ಸೊರಬದಿಂದ್ಲೇ ತರಿಸ್ಬೇಕೇನೋ."