ಪುರುಡಿನ ಕೋಣೆಯ ಚಿಲಕ

ಬ್ರೈಡಿ ಐರ್ಲೆಂಡ್ ಬಿಟ್ಟದ್ದು ಪಾದ್ರಿಗಳ ಕಾಟ ತಪ್ಪಲಿ ಎಂದು. ಬಂದು ಸೇರಿದ್ದು ಸೀತಾಲಕ್ಷ್ಮಮ್ಮನವರ ಮನೆಗೆ.

ಲಂಡನ್ನಿನಲ್ಲಿ ನರ್ಸಾಗಿದ್ದವಳು, ತರಬೇತಿಗೆ ಬಂದಿದ್ದ ಇಂಜಿನಿಯರ್ ದ್ವಾರಕಾನಾಥನನ್ನು ರಿಜಿಸ್ಟರ್ ಮದುವೆಯಾದಳು. ಹೆತ್ತ ತಾಯಿ, ಮಗಳು ಸತ್ತಳೆಂದೇ ತಿಳಿದು ಚರ್ಚಿನಲ್ಲಿ ಪೂಜೆ ಮಾಡಿಸಿದಳು. ಎಪ್ಪತ್ತಾರನೇ ಇಸವಿಯಲ್ಲಿ ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಬಂದಿಳಿದರೆ, ಇಲ್ಲಿನ ಪಾದ್ರಿಯೂ ಚರ್ಚಿನಲ್ಲಿ ಮದುವೆಯಾಗದವಳಿಗೆ ಪ್ರಸಾದವಿಲ್ಲ ಎಂದರು. ಅತ್ತೆ ಸೀತಾಲಕ್ಷ್ಮಮ್ಮ ದೇವರ ಮನೆಯ ಹೊಸಿಲು ತೋರಿಸಿ, "ಇದರಿಂದೀಚೆಗೆ ನಿಂಗೆಲ್ಲಾ ಸ್ವಾತಂತ್ರ್ಯ ಕಣೇ" ಎಂದು ಉದಾರವಾಗಿ ಅಪ್ಪಣೆ ಕೊಡಿಸಿದರು. ಎರಡೆರಡು ಧರ್ಮಗಳು ಬಾಗಿಲಲ್ಲೇ ನಿಲ್ಲಿಸುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಸೀತಾಲಕ್ಷ್ಮಮ್ಮ ಕ್ವಾರ್ಟರ್ಸಿನ ಭಜನಾ ಮಂಡಳಿಯ ಅಧ್ಯಕ್ಷೆ. ಜನರಲ್ ಮ್ಯಾನೇಜರು ಕಾರ್ಖಾನೆಯೊಂದನ್ನು ನೋಡಿಕೊಂಡರೆ ಸಾಕು, ಉಳಿದ ಲೋಕ ತಮ್ಮ ಹೊಣೆ ಎಂದು ತಿಳಿದವರು. ಬ್ರೈಡಿ ಕನ್ನಡ ಕಲಿತದ್ದು ಅವರ ಬಾಯಿಂದಲೇ. ಹಾಗಾಗಿ ಅವಳಿಗೆ ಗದರಲು ಬರುತ್ತಿದ್ದಷ್ಟು ಸೊಗಸಾಗಿ ಕುಶಲ ಕೇಳಲು ಬರುತ್ತಿರಲಿಲ್ಲ.

ಹೆಣ್ಣುಮಗುವಾಯಿತು. ಪುರುಡೆಂದು ತಾಯಿಮಗುವನ್ನು ಹಿತ್ತಲ ಕಡೆಯ ಕೋಣೆಗೆ ಹಾಕಿದರು. ಬ್ರೈಡಿಗೆ ಇದು ಹೊಸದಲ್ಲ. ಅವಳ ಊರಿನಲ್ಲೂ ಹೆತ್ತವಳು ಪಾದ್ರಿಯಿಂದ ಶುದ್ಧಿ ಮಾಡಿಸಿಕೊಳ್ಳುವವರೆಗೆ ಹಿಟ್ಟು ಮುಟ್ಟುವಂತಿರಲಿಲ್ಲ, ಮಗುವಿಗೆ ತೀರ್ಥ ಹಾಕಿ ಹೆಸರಿಡುವಾಗ ಚರ್ಚಿಗೂ ಹೋಗುವಂತಿರಲಿಲ್ಲ. ತಮ್ಮಂದಿರನ್ನು ಚಿಕ್ಕಮ್ಮ ಎತ್ತಿಕೊಂಡು ಹೊರಟಾಗಲೆಲ್ಲ ತಾಯಿ ಕಿಟಕಿಯಲ್ಲಿ ನಿಂತು ನೋಡುತ್ತಿದ್ದುದು ಬ್ರೈಡಿಗೆ ಮರೆತಿರಲಿಲ್ಲ. ತನ್ನ ಮಗುವಿಗೆ ಹೆಸರಿಡುವಾಗ ತಾನೇ ಎತ್ತಿಕೊಂಡಿರಬೇಕು. ಅವಳಿಗೆ ಬೇಕಾದದ್ದು ಇಷ್ಟೇ.

ನಾಮಕರಣದ ಬೆಳಿಗ್ಗೆ ಸೀತಾಲಕ್ಷ್ಮಮ್ಮ ಕೋಣೆಯ ಬಾಗಿಲಿಗೆ ಬಂದರು. ಹಿಂದೆ ಮಗಳು ವಾಸಂತಿ, ಹೊಸ ರೇಷ್ಮೆ ಸೀರೆಯಲ್ಲಿ.

"ಮಗೂನ ವಾಸಂತಿ ಕೈಗೆ ಕೊಡು. ಮಣೆ ಮೇಲೆ ಅವಳು ಕೂತ್ಕೋತಾಳೆ."

"ಪುರುಡು ಮುಗೀತಲ್ಲ?"

"ಪುರುಡು ಮುಗೀತು. ನಿನ್ನ ಜಾತಿ ಮುಗೀತೇನೇ?"

ಬ್ರೈಡಿ ಬಾಗಿಲು ಹಾಕಿ ಚಿಲಕ ಜಡಿದಳು.

ಹಾಲ್ ತುಂಬ ಜನ. ವಾಸಂತಿ ಆಗಲೇ ಹೋಗಿ ಮಣೆಯ ಮೇಲೆ ಕೂತಿದ್ದಳು. ಜನರಲ್ ಮ್ಯಾನೇಜರ ಹೆಂಡತಿಯೂ ಬಂದು ಕೂತಿದ್ದರು. ಪುರೋಹಿತರು ಗಡಿಯಾರ ನೋಡಿ, "ಇನ್ನೇನು ರಾಹುಕಾಲ ಬಂದ್ಬಿಡತ್ತೆ" ಎಂದರು. ದ್ವಾರಕಾನಾಥ ಮೆಲ್ಲಗೆ ಬಾಗಿಲು ತಟ್ಟಿದ.

"ತೆಗಿಯೇ, ಜನ ನೋಡ್ತಿದಾರೆ."

"ನೋಡ್ಲಿ. ನೀನೂ ನೋಡ್ತಾನೇ ನಿಂತಿದೀಯಲ್ಲ."

"ನಿನ್ನ ಹಠಕ್ಕಿಷ್ಟು ಬೆಂಕಿ ಹಾಕ!" ಸೀತಾಲಕ್ಷ್ಮಮ್ಮ ಮಗನನ್ನು ಸರಿಸಿ ಮುಂದೆ ಬಂದರು.

"ಹಾಕಿ. ಮೊಮ್ಮಗಳೂ ಒಳಗೇ ಇದಾಳೆ."

"ಮಗು ಇಲ್ದೇನೇ ಮುಗಿಸ್ತೀನಿ, ತಿಳ್ಕೋ!"

"ಮುಗಿಸಿ. ತೆಂಗಿನಕಾಯಿಗೆ ಹೆಸರಿಡಿ."

ಜನರಲ್ ಮ್ಯಾನೇಜರ ಹೆಂಡತಿ ಕಿಸಕ್ಕನೆ ನಕ್ಕುಬಿಟ್ಟರು. ಶಾಸ್ತ್ರಕ್ಕೂ ರಾಹುಕಾಲಕ್ಕೂ ಜಗ್ಗದ ಸೀತಾಲಕ್ಷ್ಮಮ್ಮನವರ ಮುಖ ಆ ನಗುವಿಗೆ ಕೆಂಪೇರಿತು. ಬಾಗಿಲ ಕಡೆ ನೋಡದೆ, "ವಾಸಂತಿ, ಏಳೇ ಮಣೆಯಿಂದ" ಎಂದರು.

ಚಿಲಕ ಸರಿಯಿತು. ಬ್ರೈಡಿ ಮಗುವನ್ನೆತ್ತಿಕೊಂಡು ಬಂದು, ಯಾರ ಮುಖವನ್ನೂ ನೋಡದೆ ಮಣೆಯ ಮೇಲೆ ಕುಳಿತಳು. ಪುರೋಹಿತರು ಮಂತ್ರವನ್ನು ಓಡಿಸಿದರು.

ಆಮೇಲೆ ಸೀತಾಲಕ್ಷ್ಮಮ್ಮ ಬಂದ ಹೆಂಗಸರಿಗೆಲ್ಲ ಅರಿಸಿನ ಕುಂಕುಮ ಕೊಡುತ್ತ ಬಂದರು. ಬ್ರೈಡಿಯ ಮುಂದೆ ಬಂದಾಗ ಮಾತ್ರ ತಟ್ಟೆಯನ್ನು ಮೇಲೆತ್ತಿ, ಅವಳನ್ನು ದಾಟಿ ಪಕ್ಕದವರ ಮುಂದೆ ಹಿಡಿದರು. ಹಾಲಿನಲ್ಲಿದ್ದವರೆಲ್ಲ ಅದನ್ನು ಕಂಡರು.

ಹೇಗೂ ಬ್ರೈಡಿಯ ಕೈಗಳೆರಡೂ ಖಾಲಿಯಿರಲಿಲ್ಲ.